ಮೂವತ್ತೆರಡನೇ ನಂಬರಿನ ಓಟ

ಓಹಾಯೋದ ಎಲ್ಡರ್ ಫಾಲ್ಸ್ ಊರಿನಲ್ಲಿ ಎಲೆ ಉದುರುವ ಕಾಲದ ಶನಿವಾರ ಮಧ್ಯಾಹ್ನ ಒಬ್ಬ ಗಂಡಸು ಫುಟ್‌ಬಾಲ್ ಮೈದಾನದಲ್ಲಿ ಕಾಣಲಿಲ್ಲವೆಂದರೆ ಅವನು ಸತ್ತಿರಬೇಕು, ಇಲ್ಲವೆ ಜೈಲಿನಲ್ಲಿರಬೇಕು, ಅದೂ ಇಲ್ಲವಾದರೆ ಕ್ಷೌರಿಕನಾಗಿರಬೇಕು. ಆರ್ವಿಲ್ ಸ್ಟ್ರಂಕ್ ಕ್ಷೌರಿಕ. ವಾರವೆಲ್ಲ ಹೊಲದಲ್ಲಿದ್ದ ರೈತರು ಊರಿಗೆ ಬರುತ್ತಿದ್ದುದು ಶನಿವಾರ. ಮರುದಿನ ಚರ್ಚಿನಲ್ಲಿ ದೇವರಿಗೆ ನುಣ್ಣನೆಯ ಗಲ್ಲ ತೋರಿಸಬೇಕಲ್ಲ, ಅದಕ್ಕೆ ಆರ್ವಿಲ್‌ನ ಅಂಗಡಿ ಬೆಳಗಿನಿಂದ ಭರ್ತಿ. ಹೀಗಾಗಿ ಮೈದಾನದಿಂದ ಎರಡೇ ಬೀದಿ ಆಚೆಗಿದ್ದರೂ ಅವನು ಗ್ರೇಬಿಲ್ ಕಾಲೇಜಿನ ಒಂದು ಪಂದ್ಯವನ್ನೂ ನೋಡಿದವನಲ್ಲ. ಆಟ ಹೇಗೆ ಸಾಗಿದೆ ಎಂಬುದು ಅವನಿಗೆ ಕಿವಿಯಿಂದಲೇ ತಿಳಿಯುತ್ತಿತ್ತು. ಕೂಗು ಎದ್ದರೆ ಗ್ರೇಬಿಲ್ ಮುಂದೆ, ಸದ್ದಡಗಿದರೆ ಎದುರಾಳಿ ಮುಂದೆ. ಸಾಮಾನ್ಯವಾಗಿ ಊರಿನಲ್ಲಿ ಒಳ್ಳೆಯ ಶಾಂತಿ ನೆಲೆಸಿರುತ್ತಿತ್ತು.

ಯುದ್ಧ ಮುಗಿದ ಮರುವರ್ಷ, ಸಾವಿರದ ಒಂಬೈನೂರ ನಲವತ್ತಾರರಲ್ಲಿ, ಆ ಶಾಂತಿ ಇನ್ನೂ ಗಾಢವಾಯಿತು. ಸರ್ಕಾರ ಸೈನಿಕರಿಗೆಲ್ಲ ಪುಕ್ಕಟೆ ಓದು ಎಂದದ್ದೇ ತಡ, ಗ್ರೇಬಿಲ್‌ಗೂ ದೊಡ್ಡ ದೊಡ್ಡ ಕತ್ತಿನ ಗಂಡಸರು ಬಂದು ಸೇರಿದರು. ಇನ್ನು ನಮ್ಮನ್ನು ಹಿಡಿಯುವವರಿಲ್ಲ ಎಂದು ಊರು ಮೀಸೆ ತಿರುವಿತು. ತರಬೇತುದಾರ ಮೊದಲ ದಿನವೇ ಎದೆ ತಟ್ಟಿಕೊಂಡು "ಹುಡುಗರೇ, ಇದು ಯುದ್ಧ!" ಎಂದು ಗುಡುಗಿದನಂತೆ. ಓಕಿನಾವಾದ ಕಾಳಗದಿಂದ ಬದುಕಿ ಬಂದಿದ್ದ ಒಬ್ಬ "ಹಂಗಾದ್ರೆ ಸಿಗರೇಟು ಯಾವಾಗ ಹಂಚ್ತೀರಿ, ಸರ್?" ಎಂದು ಕೇಳಿದನಂತೆ. ಆ ಗಂಡಸರಿಗೆ ನಿಜವಾದ ಸಾವು ಹೇಗಿರುತ್ತದೆಂದು ಗೊತ್ತಿತ್ತು. ಒಂದು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಹತ್ತು ಗಜ ಮುಂದೆ ಹೋಗುವುದಕ್ಕೆ ಪ್ರಾಣ ಕೊಡುವ ಉಮೇದು ಅವರಲ್ಲಿ ಉಳಿದಿರಲಿಲ್ಲ. ಮೊದಲ ಪಂದ್ಯ ಸೋತರು. ಎರಡನೆಯದನ್ನು ಇನ್ನೂ ಚೆನ್ನಾಗಿ ಸೋತರು.

ಸೋತ ಊರಿಗೆ ಸಮಾಧಾನ ಬೇಕು. ಎಲ್ಡರ್ ಫಾಲ್ಸ್‌ಗೆ ಆ ಸಮಾಧಾನ ಸಿಗುತ್ತಿದ್ದುದು ಆರ್ವಿಲ್‌ನ ಅಂಗಡಿಯಲ್ಲಿ. ಪಂದ್ಯ ಮುಗಿಸಿ ಜೋಲು ಮುಖ ಹೊತ್ತು ಬಂದವರು ಒಂದೇ ಮಾತಿಗೆ ಬರುತ್ತಿದ್ದರು.

"ಡೆಲ್ಮರ್ ಇದ್ದಿದ್ರೆ ಹಿಂಗಾಗ್ತಿತ್ತಾ?" ಎಂದು ಕುರ್ಚಿಯಲ್ಲಿ ಒರಗಿ ಶುರು ಮಾಡುವವನು ಅಂಚೆ ಮಾಸ್ತರ ಹೋಮರ್ ಟಿಬೆಟ್ಸ್. "ನಲವತ್ತೊಂದರಲ್ಲಿ ಮೆರಿಡನ್ ಕಾಲೇಜಿನ ಮೇಲೆ ಓಡಿದ್ನಲ್ಲ, ಅಬ್ಬಬ್ಬಾ! ಎಪ್ಪತ್ತು ಗಜ! ನನ್ನ ಕಣ್ಣೆದುರಿಗೇ ಹೋದ."

"ಕಳೆದ ವಾರ ಅರವತ್ತು ಅಂದಿದ್ರಿ," ಎಂದ ಆರ್ವಿಲ್, ನೊರೆ ಹಚ್ಚುತ್ತ.

"ಕಳೆದ ವಾರ ನಾವು ಇಷ್ಟು ಸೋತಿರಲಿಲ್ಲ ಕಣಯ್ಯ."

ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕೊಡುತ್ತಿತ್ತು ಎನ್ನುವ ಮಾತಿದೆಯಲ್ಲ, ಅದರಂತೆ ಗ್ರೇಬಿಲ್ ಸೋತಷ್ಟೂ ಆ ಓಟ ಉದ್ದವಾಗುತ್ತಿತ್ತು. ಅಂಗಡಿಯವರೆಲ್ಲ ತಲೆದೂಗುವರು, ಒಬ್ಬಿಬ್ಬರು ಆರ್ವಿಲ್‌ನ ಬೆನ್ನು ತಟ್ಟುವರು. ಡೆಲ್ಮರ್ ಆರ್ವಿಲ್‌ನ ಒಬ್ಬನೇ ಮಗ. ಇಟಲಿಯಲ್ಲಿ ಒಂದು ನದಿ ದಾಟುವಾಗ ಸತ್ತಿದ್ದ. ಬೆನ್ನು ತಟ್ಟಿದವರಿಗೆ ಆರ್ವಿಲ್ ತಲೆಯಾಡಿಸಿ ಕತ್ತಿಯನ್ನು ತೊಗಲುಪಟ್ಟಿಗೆ ಉಜ್ಜುತ್ತ ನಿಲ್ಲುತ್ತಿದ್ದ. ಡೆಲ್ಮರ್ ಆ ಓಟ ಓಡಿಯೇ ಇರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಡೆಲ್ಮರ್ ಮೂರು ವರ್ಷ ತಂಡದಲ್ಲಿದ್ದದ್ದು ನಿಜ. ಆ ಮೂರು ವರ್ಷವೂ ಬೆಂಚಿನ ಮೇಲೆ ಕೂತದ್ದು ಇನ್ನೂ ನಿಜ. ಕಾಲು ಉದ್ದ, ಬುದ್ಧಿಗೂ ಕಾಲಿಗೂ ಮಾತುಕತೆ ಕಡಿಮೆ. ನೆಟ್ಟಗೆ ನಡೆದರೆ ಬಾಗಿಲು ತಗಲುತ್ತಿತ್ತು, ಬಗ್ಗಿ ನಡೆದರೆ ಕುರ್ಚಿ ತಗಲುತ್ತಿತ್ತು. ಬೆಂಚಿನವರಿಗೆ ಕಾಲೇಜು ಕೊಡುತ್ತಿದ್ದುದು ನಂಬರಿಲ್ಲದ ಹಳೆಯ ಅಂಗಿ. "ಏನೋ ಮಾಡ್ತೀಯ ಅಲ್ಲಿ ಕೂತ್ಕೊಂಡು?" ಎಂದು ಅಪ್ಪ ಕೇಳಿದರೆ "ಬೆಂಚು ಹಾರಿಹೋಗದ ಹಾಗೆ ನೋಡ್ಕೋತೀನಪ್ಪ. ಜವಾಬ್ದಾರಿ ಕೆಲಸ," ಎನ್ನುತ್ತಿದ್ದ. ಆರ್ವಿಲ್‌ಗೆ ನಗು ಬರುತ್ತಿತ್ತು. ಈ ಡೆಲ್ಮರ್ ಅವನಿಗೆ ಗೊತ್ತಿದ್ದವನು. ಎಪ್ಪತ್ತು ಗಜ ಓಡಿದವನು ಯಾರೋ ಪರಿಚಯವಿಲ್ಲದ ಹುಡುಗ.

ಮೆರಿಡನ್ ಪಂದ್ಯದ ಸಂಜೆ ನಡೆದದ್ದು ಆರ್ವಿಲ್‌ಗೆ ಚೆನ್ನಾಗಿ ನೆನಪಿದೆ. ಅಂಗಡಿ ತುಂಬ ಜನ. ಕುರ್ಚಿಯಲ್ಲಿ ಇದೇ ಹೋಮರ್, ಕತ್ತಿನ ತನಕ ನೊರೆ. ಬಾಗಿಲು ತಳ್ಳಿಕೊಂಡು ಡೆಲ್ಮರ್ ಒಳಗೆ ಬಂದ. ತುಟಿ ಒಡೆದು ಬದನೆಕಾಯಿಯ ಹಾಗೆ ಊದಿತ್ತು, ಅಂಗಿಯ ಮುಂದೆಲ್ಲ ರಕ್ತ, ಮುಖದ ತುಂಬ ನಗು.

"ಅಪ್ಪ, ಗೆದ್ವಿ! ಕ್ಲೇಟನ್ ಚೆಂಡನ್ನ ಕೊನೇ ಗೆರೆ ದಾಟಿಸಿ ಟಚ್‌ಡೌನ್ ಹೊಡೆದ!"

"ನೀನು ಆಡಿದ್ಯಾ?"

"ಇಲ್ಲ."

"ಆಡದವನ ತುಟಿ ಹೆಂಗೋ ಒಡೀತು?"

ಡೆಲ್ಮರ್ ಅಂಗಡಿಯ ಜನರನ್ನೆಲ್ಲ ಒಮ್ಮೆ ನೋಡಿದ. ದೊಡ್ಡ ಕತೆ ಹೇಳುವವನ ಹಾಗೆ ಉಸಿರೆಳೆದುಕೊಂಡ. ಆಗ ಹೋಮರ್ ಕುರ್ಚಿಯಿಂದ "ಆರ್ವಿಲ್, ಸೋಪು ಒಣಗ್ತಾ ಇದೆ," ಎಂದ.

"ಆಮೇಲೆ ಹೇಳೋ. ಕೈಯಲ್ಲಿ ಕತ್ತಿ ಇದೆ," ಎಂದ ಆರ್ವಿಲ್.

ಆಮೇಲೆ ಕುರ್ಚಿಗೆ ಇನ್ನೊಬ್ಬ ಬಂದ, ಅವನ ಆಮೇಲೆ ಮತ್ತೊಬ್ಬ. ಹುಡುಗ ಗೆಳೆಯರ ಜೊತೆ ಹೊರಟುಹೋದ. ಮುಂದಿನ ವಾರ ಏನೋ ಗದ್ದಲ, ಆಮೇಲೆ ಪರ್ಲ್ ಹಾರ್ಬರ್, ಊರಿನ ಹುಡುಗರೆಲ್ಲ ಸೈನ್ಯದ ಸಾಲಿನಲ್ಲಿ. ತುಟಿ ವಾಸಿಯಾಯಿತು, ಕತೆ ಹಾಗೇ ಉಳಿಯಿತು. ತಂತಿ ಬಂದ ಮೇಲೆ ಆರ್ವಿಲ್‌ನ ತಲೆಯಲ್ಲಿ ಆ ಪ್ರಶ್ನೆ ಮುಳ್ಳಿನಂತೆ ಮುರಿದು ಕೂತಿತು. ಮಗ ಹೇಗೆ ಸತ್ತನೆಂದು ಸೈನ್ಯ ತಿಳಿಸಿತ್ತು. ತುಟಿ ಹೇಗೆ ಒಡೆಯಿತೆಂದು ತಿಳಿಸುವವರಿರಲಿಲ್ಲ.

ಸುಳ್ಳು ಹುಟ್ಟಿದ್ದು ಮಂಗನಬಾವಿನಿಂದ. ನಲವತ್ತೊಂದರ ತಂಡದ ಫೋಟೋ ತೆಗೆಯುವ ದಿನ ಮೂವತ್ತೆರಡನೇ ನಂಬರಿನ ಹುಡುಗ, ತಂಡದ ಹುಲಿ ಕ್ಲೇಟನ್ ರೀಸ್, ಎರಡೂ ಗಲ್ಲ ಊದಿಸಿಕೊಂಡು ಮಲಗಿದ್ದ. ಮುಂದಿನ ಸಾಲು ಬೋಳು ಕಾಣಬಾರದೆಂದು ಫೋಟೋದವನು ಡೆಲ್ಮರ್‌ಗೆ ಕ್ಲೇಟನ್‌ನ ಅಂಗಿ ತೊಡಿಸಿ ಕೂರಿಸಿದ. ಡೆಲ್ಮರ್ ಸತ್ತ ಸುದ್ದಿ ಬಂದಾಗ ಪತ್ರಿಕೆಯವರು ಆ ಫೋಟೋದಿಂದ ಅವನ ಮುಖ ಕತ್ತರಿಸಿ ಹಾಕಿದರು. ಎದೆಯ ಮೇಲೆ ಮೂವತ್ತೆರಡು. ಮೆರಿಡನ್ ಮೇಲೆ ಓಡಿದ್ದು ಮೂವತ್ತೆರಡು. ಇನ್ನೇನು ಬೇಕು? "ಮೈದಾನದಲ್ಲಿ ಓಡಿದಂತೆಯೇ ಶತ್ರುವಿನ ಮೇಲೂ ಓಡಿದ ವೀರ" ಎಂದು ಬರೆದರು. ಆಟ ನೋಡಿದ್ದವರಲ್ಲಿ ಅರ್ಧ ಜನ ಊರು ಬಿಟ್ಟಿದ್ದರು. ಉಳಿದರ್ಧಕ್ಕೆ ಪತ್ರಿಕೆ ಓದಿದ ಮೇಲೆ ಹಾಗೆಯೇ ನೆನಪಾಯಿತು. ಎಲ್ಲೋ ಒಬ್ಬಿಬ್ಬರಿಗೆ ಅನುಮಾನ ಬಂದಿದ್ದರೂ, ಕಿಟಕಿಯಲ್ಲಿ ಸತ್ತ ಮಗನ ಹೆಸರಿನ ಬಂಗಾರದ ನಕ್ಷತ್ರ ತೂಗುವ ಮನೆಗೆ ಹೋಗಿ "ನಿಮ್ಮ ಹುಡುಗ ಬೆಂಚಿನಲ್ಲಿದ್ದನಲ್ಲವೇ?" ಎಂದು ಕೇಳುವ ಗಂಡೆದೆ ಯಾರಿಗಿದೆ?

ಆರ್ವಿಲ್ ಒಮ್ಮೆ ಹೆಂಡತಿಯ ಮುಂದೆ ಗೊಣಗಿದ. "ಇವರು ಹೇಳೋದೆಲ್ಲ ಸುಳ್ಳು, ಆಲ್ಮಾ. ಯಾರಿಗಾದ್ರೂ ಹೇಳ್ಬೇಕು."

ಆಲ್ಮಾ ಸೇಬು ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. "ಓಡ್ಲಿ ಬಿಡಿ. ಇನ್ನು ಅವನಿಗೆ ದಣಿವಾಗುತ್ತಾ?"

ಅದಾದ ಮೇಲೆ ಅವನು ಸುಮ್ಮನಾದ. ಆದರೆ ದಿನ ಕಳೆದಂತೆ ಒಂದು ಭಯ ಹಿಡಿಯಿತು. ಮಗನನ್ನು ನೆನೆಸಿಕೊಳ್ಳಲು ಕಣ್ಣು ಮುಚ್ಚಿದರೆ ಬಾಗಿಲಿಗೆ ತಲೆ ತಗಲಿಸಿಕೊಳ್ಳುವ ಹುಡುಗನ ಬದಲು ಚೆಂಡು ಅವುಚಿಕೊಂಡ ಯಾವನೋ ಓಡತೊಡಗಿದ್ದ. ಊರು ತನ್ನ ಮಗನಿಗೆ ಗೌರವ ಕೊಡುತ್ತ ಕೊಡುತ್ತ ಮಗನನ್ನೇ ಎತ್ತಿಕೊಂಡು ಹೋಗುತ್ತಿದೆ ಎಂದು ಆರ್ವಿಲ್‌ಗೆ ಅನಿಸಿತು. ಅವನದೇ ಆದ ಡೆಲ್ಮರ್ ಒಂದು ಚೂರಾದರೂ ಉಳಿಯಬೇಕಿದ್ದರೆ ಆ ತುಟಿಯ ಕತೆ ಸಿಗಬೇಕಿತ್ತು.

ಆವತ್ತಿನ ತಂಡದವರಲ್ಲಿ ಊರಿನಲ್ಲಿ ಉಳಿದವನು ಒಬ್ಬನೇ, ಕ್ಲೇಟನ್ ರೀಸ್. ಆ ಕತೆ ಗೊತ್ತಿದ್ದರೆ ಅವನಿಗೇ ಗೊತ್ತಿರಬೇಕು. ಅವನ ಮಂಡಿ ನಲವತ್ತೊಂದರ ಕೊನೆಯ ಪಂದ್ಯದಲ್ಲಿ ಮುರಿದು, ಸೈನ್ಯದವರು ಬೇಡವೆಂದು ಮನೆಗೆ ಕಳಿಸಿದ್ದರು. ಈಗ ಮಾವನ ಅಂಗಡಿಯಲ್ಲಿ ರೆಫ್ರಿಜರೇಟರ್ ಮಾರುತ್ತಿದ್ದ. ಅಂದರೆ, ಕಾರ್ಖಾನೆಯಿಂದ ಇನ್ನೂ ಬಾರದ ರೆಫ್ರಿಜರೇಟರ್‌ಗಳಿಗೆ ಗಿರಾಕಿಗಳ ಹೆಸರು ಬರೆದುಕೊಂಡು ನಗುತ್ತಿದ್ದ. ಊರೆಲ್ಲ ತನ್ನ ಓಟವನ್ನು ಡೆಲ್ಮರ್‌ನದು ಎನ್ನುವುದನ್ನು ಅವನು ಎರಡೂ ಕಿವಿಯಿಂದ ಕೇಳಿದ್ದ. ಏನು ಮಾಡುತ್ತಾನೆ? ಯುದ್ಧಕ್ಕೆ ಹೋಗದೆ ಮನೆಯಲ್ಲಿ ಉಳಿದವನು ಯುದ್ಧದಲ್ಲಿ ಸತ್ತವನ ಕೈಯಿಂದ ಚೆಂಡು ಕಿತ್ತುಕೊಳ್ಳಲಾದೀತೇ? ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೋಮರ್ ಇಲ್ಲದ ದಿನ ನೋಡಿ ಶುಕ್ರವಾರ ಕ್ಷೌರಕ್ಕೆ ಬರುತ್ತಿದ್ದ.

ಅಕ್ಟೋಬರ್‌ನಲ್ಲಿ ಕಾಲೇಜಿನ ಅಧ್ಯಕ್ಷರು, ಡಾಕ್ಟರ್ ಲೂಥರ್ ಪೆನ್ನಿಮನ್, ಸ್ವತಃ ಅಂಗಡಿಗೆ ಬಂದರು. ಅವರ ತಲೆಯಲ್ಲಿ ಕೂದಲು ಕಡಿಮೆ, ಯೋಜನೆಗಳು ಹೆಚ್ಚು. ಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ನೆನಪಿಗೆ ಮೈದಾನದಲ್ಲಿ ಇಟ್ಟಿಗೆಯ ದೊಡ್ಡ ಗ್ಯಾಲರಿ ಕಟ್ಟಿಸಬೇಕೆಂದು ಅವರು ಹೊರಟಿದ್ದರು. ಸತ್ತವರಲ್ಲಿ ರಸಾಯನಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವನೂ ಒಬ್ಬನಿದ್ದ. ಆದರೆ ಪದಕದ ಹೆಸರು ಹೇಳಿದರೆ ಹಳೆಯ ವಿದ್ಯಾರ್ಥಿಗಳ ಕೈ ಜೇಬಿನತ್ತ ಹೋಗುವುದಿಲ್ಲ. ಟಚ್‌ಡೌನ್ ಎಂದರೆ ಹೋಗುತ್ತದೆ.

"ನವೆಂಬರ್‌ನಲ್ಲಿ ಮೆರಿಡನ್ ಪಂದ್ಯದ ದಿನವೇ ಅಪ್ಪಂದಿರ ದಿನ ಇಟ್ಟಿದ್ದೀವಿ, ಮಿಸ್ಟರ್ ಸ್ಟ್ರಂಕ್," ಎಂದರು ಪೆನ್ನಿಮನ್. "ಆಟಗಾರರ ತಂದೆಯರೆಲ್ಲ ಮಕ್ಕಳ ನಂಬರು ಬೆನ್ನಿಗೆ ಹಚ್ಚಿಕೊಂಡು ಗೆರೆ ಪಕ್ಕ ಕೂರ್ತಾರೆ. ಈ ಸಲ ನೀವೂ ಕೂರಬೇಕು, ಮೂವತ್ತೆರಡು ಹಚ್ಕೊಂಡು. ಆಟದ ನಡುವೆ ಆ ನಂಬರನ್ನು ಇನ್ಯಾರಿಗೂ ಕೊಡಲ್ಲ ಅಂತ ಘೋಷಿಸ್ತೀವಿ. ನಿಮ್ಮ ಮಗ ಈ ಕಾಲೇಜಿನ ಆತ್ಮ."

"ಆ ಆತ್ಮಾನ ಲ್ಯಾಟಿನ್‌ನಲ್ಲಿ ಎರಡು ಸಲ ಫೇಲ್ ಮಾಡಿದ್ರಲ್ಲ, ಸರ್."

ಪೆನ್ನಿಮನ್ ದೊಡ್ಡದಾಗಿ ನಕ್ಕರು. "ನೀವೂ ಎರಡು ಮಾತಾಡ್ಬೇಕು," ಎಂದು ಹೇಳಿ, ಒಪ್ಪಿಗೆ ಕೇಳುವುದನ್ನು ಮರೆತು ಹೊರಟುಹೋದರು.

ಮರುದಿನ ಶುಕ್ರವಾರ ಕ್ಲೇಟನ್ ಬಂದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆರ್ವಿಲ್ ಅವನ ಕೊರಳಿಗೆ ಬಟ್ಟೆ ಕಟ್ಟಿ, ಕತ್ತರಿ ಕೈಗೆತ್ತಿಕೊಂಡು, ಐದು ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿಬಿಟ್ಟ.

"ಕ್ಲೇಟನ್, ಆವತ್ತು ನಮ್ಮ ಡೆಲ್ಮರ್‌ನ ತುಟಿ ಹೆಂಗೆ ಒಡೀತು?"

ಕನ್ನಡಿಯಲ್ಲಿ ಕ್ಲೇಟನ್‌ನ ಮುಖ ಬಿಗಿಯಾಯಿತು. "ಅವನು ಎಪ್ಪತ್ತು ಗಜ ಓಡಿದ್ನಲ್ಲ, ಮಿಸ್ಟರ್ ಸ್ಟ್ರಂಕ್. ಓಡುವಾಗ ಯಾರೋ ಗುದ್ದಿರಬೇಕು."

"ತಮಾಷೆ ಬೇಡ ಕಣಪ್ಪ. ಓಡಿದ್ದು ನೀನು. ಅವನೇ ನಂಗೆ ಹೇಳಿದ್ದ."

"ಅಂದ್ರೆ ನಿಮಗೆ ಗೊತ್ತಿತ್ತು!" ಕ್ಲೇಟನ್ ಬಟ್ಟೆಯ ಸಮೇತ ತಿರುಗಿದ. "ಗೊತ್ತಿದ್ದೂ ಇಷ್ಟು ದಿನ ಕತ್ತರಿ ಆಡಿಸ್ಕೊಂಡು ಸುಮ್ಮನಿದ್ರಿ. ನನ್ನ ಹೆಂಡತೀನೇ ಮೊನ್ನೆ ಕೇಳಿದ್ಳು, 'ಡೆಲ್ಮರ್ ಓಡುವಾಗ ನೀವೆಲ್ಲಿದ್ರಿ?' ಅಂತ. ಏನು ಹೇಳ್ಲಿ ಅವಳಿಗೆ? ಬೆಂಚಿನ ಮೇಲಿದ್ದೆ ಅನ್ಲಾ? ನನ್ನ ಜೀವಮಾನದಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಅದೊಂದೇ ಸ್ವಾಮಿ. ಮೊದಲು ನನ್ನ ಓಟ ನನಗೆ ಕೊಡಿಸಿ. ಆಮೇಲೆ ತುಟಿ ವಿಷಯ."

ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದುಹೋದ. ಒಂದು ವಾರ ಊರಿನಲ್ಲಿ ಹ್ಯಾಟು ತೆಗೆಯದೆ ರೆಫ್ರಿಜರೇಟರ್ ಮಾರಿದ.

ಆರ್ವಿಲ್‌ಗೆ ಕೋಪ ಬರಲಿಲ್ಲ. ಹುಡುಗ ಹೇಳಿದ್ದರಲ್ಲಿ ನ್ಯಾಯವಿತ್ತು. ಮೈಕಿನ ಮುಂದೆ ನಿಂತು ನಿಜ ಹೇಳಿಬಿಡುವುದೆಂದು ಅವನು ತೀರ್ಮಾನಿಸಿದ. ಊರು ಬೈದರೆ ಬೈಯಲಿ. ಆಲ್ಮಾಳಿಗೆ ಹೇಳಿದಾಗ ಅವಳು "ನಿಮ್ಮ ಕರೀ ಕೋಟಿಗೆ ಇಸ್ತ್ರಿ ಹಾಕ್ತೀನಿ," ಎಂದಷ್ಟೇ ಹೇಳಿದಳು.

ಮೆರಿಡನ್ ಪಂದ್ಯದ ಶನಿವಾರ ಅಂಗಡಿಯ ಬಾಗಿಲಿಗೆ ಬೀಗ ಬಿತ್ತು. ಆರ್ವಿಲ್ ಶನಿವಾರ ಅಂಗಡಿ ಮುಚ್ಚಿದ್ದಾನೆಂಬ ಸುದ್ದಿ ಗ್ರೇಬಿಲ್ ಗೆದ್ದ ಸುದ್ದಿಗಿಂತ ಅಪರೂಪದ್ದು. ಗಡ್ಡ ಬಿಟ್ಟುಕೊಂಡೇ ಬಂದ ರೈತರು ಬೀಗ ನೋಡಿ, ಕೈಯಿಂದ ಗಲ್ಲ ಸವರಿಕೊಂಡು, ಪಂದ್ಯಕ್ಕೆ ಹೋದರು. ಅಪ್ಪಂದಿರಿಗೆ ಗೆರೆಯ ಪಕ್ಕದಲ್ಲಿ ಮಡಚುವ ಕುರ್ಚಿಗಳನ್ನು ಹಾಕಿದ್ದರು. ಹೆಣ ಹೂಳುವ ವ್ಯವಸ್ಥೆ ಮಾಡುವ ಅಂಗಡಿಯಿಂದ ಎರವಲು ತಂದವು, ಬೆನ್ನಿನಲ್ಲಿ ಅದರ ಹೆಸರೂ ಇತ್ತು. ಆ ವರ್ಷದ ತಂಡಕ್ಕೆ ಅದು ಸರಿಯಾಗಿಯೇ ಇತ್ತು. ತಂದೆಯಿಲ್ಲದ ಒಬ್ಬ ಆಟಗಾರ ತನ್ನ ಹೆಂಡತಿಯ ಅಪ್ಪನನ್ನು ಕರೆತಂದಿದ್ದ. ಆ ಮಾವ ಅಳಿಯ ಒಮ್ಮೆಯಾದರೂ ಮುಗ್ಗರಿಸಲಿ ಎಂದು ಕಾಯುವವನಂತೆ ಮುಂದಕ್ಕೆ ಬಾಗಿ ಕೂತಿದ್ದ. ಆರ್ವಿಲ್‌ನ ಬೆನ್ನಿಗೆ ಬಟ್ಟೆಯ ಮೇಲೆ ಬರೆದ ಮೂವತ್ತೆರಡನ್ನು ಪಿನ್ನು ಹಾಕಿ ಸಿಕ್ಕಿಸಿದರು. ಪಿನ್ನು ಚುಚ್ಚಿತು, ಅವನು ಹೇಳಲಿಲ್ಲ. ಆಲ್ಮಾ ಎದೆಗೆ ಸೇವಂತಿಗೆ ಸಿಕ್ಕಿಸಿಕೊಂಡು ಹಿಂದೆ ಮರದ ಮೆಟ್ಟಿಲ ಮೇಲೆ ಕೂತಿದ್ದಳು.

ಆರ್ವಿಲ್ ಜೀವನದಲ್ಲಿ ಮೊದಲ ಸಲ ಆಟ ನೋಡಿದ. ಇಪ್ಪತ್ತೆರಡು ಮಂದಿ ಒಬ್ಬರ ಮೇಲೊಬ್ಬರು ಬೀಳುವುದು, ಸೀಟಿ ಊದುವುದು, ಎದ್ದು ಮತ್ತೆ ಬೀಳುವುದು. ಇಷ್ಟಕ್ಕಾಗಿ ಇಷ್ಟು ವರ್ಷ ಊರಿಗೆ ಊರೇ ಗಂಟಲು ಹರಿದುಕೊಂಡಿತೇ ಎಂದು ಅಚ್ಚರಿಪಟ್ಟ. ಅವನ ಹತ್ತಿರವೇ ಕಾಲೇಜಿನ ವಾದ್ಯದವರು ನಿಂತಿದ್ದರು. ದೊಡ್ಡ ಡೋಲು ಹೊಡೆದಾಗಲೆಲ್ಲ 'ಢಂ' ಎನ್ನುವ ಬದಲು ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ 'ದಪ್' ಎನ್ನುತ್ತಿತ್ತು. ಅರ್ಧ ಆಟ ಮುಗಿದಾಗ ಮೆರಿಡನ್ ಹದಿಮೂರು, ಗ್ರೇಬಿಲ್ ಸೊನ್ನೆ.

ಪೆನ್ನಿಮನ್ ಮೈಕಿನ ಮುಂದೆ ಬಂದರು. ಅವರ ಭಾಷಣದಲ್ಲಿ ಓಟ ಎಂಬತ್ತೈದು ಗಜ ತಲುಪಿತು. ಇನ್ನೊಂದಿಷ್ಟು ಹೊತ್ತು ಮಾತಾಡಿದ್ದರೆ ಡೆಲ್ಮರ್ ಮೈದಾನ ದಾಟಿ ಪಕ್ಕದ ರಾಜ್ಯ ಇಂಡಿಯಾನಾ ಸೇರುತ್ತಿದ್ದ. ಆಮೇಲೆ ಆರ್ವಿಲ್‌ನನ್ನು ಕರೆದರು.

ಆರ್ವಿಲ್ ಹ್ಯಾಟು ತೆಗೆದು ಕೈಯಲ್ಲಿ ಹಿಡಿದ. "ನಾನು ಮಾತುಗಾರ ಅಲ್ಲ," ಎಂದ. ಅವನ ದನಿ ಮೈದಾನದ ನಾಲ್ಕೂ ಮೂಲೆಯಿಂದ ಅವನಿಗೇ ತಿರುಗಿ ಬಂತು. "ನನ್ನ ಮಗ ಆ ಓಟ ಓಡಲಿಲ್ಲ. ಓಡಿದ್ದು ಕ್ಲೇಟನ್ ರೀಸ್. ಮೂವತ್ತೆರಡು ಅವನದು. ನಮ್ಮ ಡೆಲ್ಮರ್ ಬೆಂಚಿನಲ್ಲಿ ಕೂತಿದ್ದ. ಮೂರು ವರ್ಷ ಅಲ್ಲೇ ಕೂತಿದ್ದ. ಒಳ್ಳೇ ಹುಡುಗ. ಇಷ್ಟೇ."

ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಅದು ಹಬ್ಬಿ ಹಬ್ಬಿ ಇಡೀ ಮೈದಾನ ಎದ್ದು ನಿಂತಿತು. ಹೆಂಗಸರು ಕಣ್ಣೊರೆಸಿಕೊಂಡರು. ಪೆನ್ನಿಮನ್ ಆರ್ವಿಲ್‌ನ ಹೆಗಲ ಮೇಲೆ ಕೈಯಿಟ್ಟು, "ನೋಡಿ, ಎಂಥ ತಂದೆ! ಮಗನ ಕೀರ್ತೀನ ಬದುಕಿರುವ ಗೆಳೆಯನಿಗೆ ಧಾರೆ ಎರೀತಿದ್ದಾರೆ! ಇಂಥ ವಿನಯ ಇದ್ದ ಮನೆಯಿಂದಲೇ ಅಂಥ ಓಟ ಬರೋದು!" ಎಂದರು. ನಂತರ ಕ್ಲೇಟನ್‌ನನ್ನೂ ಎದ್ದು ನಿಲ್ಲಿಸಿ ಅವನಿಗೂ ಒಂದು ಚಪ್ಪಾಳೆ ಕೊಡಿಸಿದರು, ಗೆಳೆಯನಾಗಿದ್ದಕ್ಕೆ.

ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಆರ್ವಿಲ್ ಬಂದು ಕುರ್ಚಿಯಲ್ಲಿ ಕುಸಿದ. ಕೊಡಿಸುತ್ತೇನೆಂದು ಹೊರಟ ಓಟವನ್ನು ಕೊಡಿಸಲಾಗಲಿಲ್ಲ, ಇನ್ನು ತುಟಿಯ ಕತೆ ಮಣ್ಣುಪಾಲು ಎಂದುಕೊಂಡ.

ಆಟ ಮತ್ತೆ ಶುರುವಾಗುವ ಹೊತ್ತಿಗೆ ಕ್ಲೇಟನ್ ಕುಂಟುತ್ತ ಇಳಿದು ಬಂದು ಅವನ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತ. ಮುಖ ಕೆಂಪಗಿತ್ತು.

"ಬಹಳ ಉಪಕಾರವಾಯ್ತು, ಮಿಸ್ಟರ್ ಸ್ಟ್ರಂಕ್. ಇಷ್ಟು ದಿನ ನನ್ನ ಟಚ್‌ಡೌನ್ ಕಳ್ಳತನವಾಗಿತ್ತು. ಈಗ ಅದನ್ನೇ ನಂಗೆ ಭಿಕ್ಷೆ ಹಾಕಿದ್ರು."

"ನನ್ನ ಕೈಲಾದ್ದು ಮಾಡ್ದೆ ಕಣಪ್ಪ."

"ಗೊತ್ತು." ಕ್ಲೇಟನ್ ಒಂದು ಹುಲ್ಲಿನ ಎಸಳು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡ. ಸ್ವಲ್ಪ ಹೊತ್ತು ಆಟ ನೋಡಿದ. ಮೆರಿಡನ್‌ನವರು ಗ್ರೇಬಿಲ್‌ನವರನ್ನು ಒಟ್ಟಾಗಿ ಹಿಂದಕ್ಕೆ ತಳ್ಳುತ್ತಿದ್ದರು. "ಅಲ್ಲಿ ಆ ಡೋಲು ಕಾಣಿಸ್ತಾ?"

"ಹ್ಞೂಂ. ಹಾಳು ಸದ್ದು."

"ಅದರ ಚರ್ಮದ ಮೇಲೆ ಒಂದು ತೇಪೆ ಇದೆ, ನೋಡಿ. ಅದು ನಿಮ್ಮ ಮಗ."

ಆರ್ವಿಲ್ ನೋಡಿದ. ಡೋಲಿನ ಅಂಚಿನ ಹತ್ತಿರ ತಟ್ಟೆಯಗಲದ ಕಂದು ಬಣ್ಣದ ತೇಪೆ ಇತ್ತು.

"ನಾನು ಚೆಂಡು ಹಿಡ್ಕೊಂಡು ತಪ್ಪಿಸ್ಕೊಂಡೆ," ಎಂದ ಕ್ಲೇಟನ್. "ಎದುರಿಗೆ ಯಾರಿಲ್ಲ. ಪಕ್ಕದಲ್ಲಿ ಯಾರೋ ಅರಚ್ತಾ ಇದ್ದಾರೆ. ನೋಡ್ತೀನಿ, ಗೆರೆ ಆಚೆ ಡೆಲ್ಮರ್! ಬೆಂಚು ಬಿಟ್ಟೆದ್ದು, ಮೈಮೇಲೆ ಕಂಬಳಿ ಹೊದ್ಕೊಂಡೇ ನನ್ನ ಜೊತೆ ಓಡ್ತಿದ್ದಾನೆ. 'ಓಡೋ ಕತ್ತೆ, ಓಡೋ!' ಅಂತ. ಆ ಕಾಲು ನಿಮಗೆ ಗೊತ್ತಲ್ಲ, ನಾಲ್ಕು ದಿಕ್ಕಿಗೆ ಹೋಗ್ತಿತ್ತು. ಆದ್ರೂ ನಂಗಿಂತ ಮುಂದೆ! ಗೋಲುಗೆರೆ ಹತ್ರ ವಾದ್ಯದವರು ನಿಂತಿದ್ರು. ಇವನು ನನ್ನ ಕಡೆ ನೋಡ್ತಾ ಓಡೋನು, ಎದುರಿಗೆ ಏನಿದೆ ಅಂತ ನೋಡ್ಬೇಕಲ್ಲ? ಸೀದಾ ತಲೆ ಸಮೇತ ಡೋಲಿನೊಳಗೆ! ತುಟಿ ಮರದ ಅಂಚಿಗೆ ಬಡೀತು. ಭುಜದ ತನಕ ಒಳಗಿದ್ದ, ಕಾಲು ಎರಡೂ ಹೊರಗೆ ಒದ್ದಾಡ್ತಿದ್ವು. ಊರಿನವರ ಕಣ್ಣೆಲ್ಲ ಚೆಂಡಿನ ಮೇಲೆ, ಆದ್ರೆ ನಾನು ಟಚ್‌ಡೌನ್ ಹೊಡೆದು ತಿರುಗಿದ್ರೆ ನಮ್ಮವರು ಯಾರೂ ನನ್ನ ನೋಡ್ತಿರಲಿಲ್ಲ. ತಂಡದವರೆಲ್ಲ ಅವನನ್ನ ಎಳೆಯೋಕೆ ಹೋಗಿದ್ರು."

ಮೊದಲು ಆರ್ವಿಲ್‌ನ ಹೆಗಲು ಕುಣಿಯಿತು, ಆಮೇಲೆ ಇಡೀ ಮೈ. ಮುಖವನ್ನು ಹ್ಯಾಟಿನಲ್ಲಿ ಹುದುಗಿಸಿಕೊಂಡು ನಕ್ಕ. ತಂತಿ ಬಂದ ದಿನದಿಂದ ಹಾಗೆ ನಕ್ಕಿರಲಿಲ್ಲ. ಅಕ್ಕಪಕ್ಕದ ಅಪ್ಪಂದಿರು ಅವನು ಅಳುತ್ತಿದ್ದಾನೆಂದು ತಿಳಿದು, ಒಬ್ಬೊಬ್ಬರಾಗಿ ತಮ್ಮ ಹ್ಯಾಟು ತೆಗೆದು ತಲೆ ತಗ್ಗಿಸಿದರು. ಅಳಿಯ ಮುಗ್ಗರಿಸಲೆಂದು ಕಾಯುತ್ತಿದ್ದ ಆ ಮಾವ ಕೂಡ ತೆಗೆದ.

"ಈಚೆ ಎಳೆದ್ಮೇಲೆ ಏನಂದ?" ಎಂದು ಆರ್ವಿಲ್ ಕಣ್ಣೊರೆಸಿಕೊಳ್ಳುತ್ತ ಕೇಳಿದ.

ಕ್ಲೇಟನ್ ಹುಲ್ಲಿನೆಸಳನ್ನು ಉಗಿದ. "ಬಾಯಿ ತುಂಬ ರಕ್ತ. ನಗ್ತಿದ್ದ. 'ಇದನ್ನ ಅಪ್ಪನಿಗೆ ಹೇಳ್ಬೇಕು' ಅಂದ. 'ಶನಿವಾರ ಅಂಗಡಿ ತುಂಬ ಜನ ಇರ್ತಾರೆ, ಎಲ್ರ ಮುಂದೆ ಹೇಳ್ತೀನಿ' ಅಂತ ಬಟ್ಟೇನೂ ಬದಲಾಯಿಸದೆ ಓಡಿದ. ಯಾಕೆ, ಬಂದು ಹೇಳಲಿಲ್ವಾ?"

ಆರ್ವಿಲ್ ಡೋಲಿನ ತೇಪೆಯನ್ನೇ ನೋಡುತ್ತ ಕೂತ. ಯುದ್ಧದ ಕಾಲದಲ್ಲಿ ಹೊಸ ಚರ್ಮ ಸಿಗದೆ ಹಾಕಿದ ತೇಪೆ ಹಾಗೇ ಉಳಿದಿತ್ತು. ಕಾಲೇಜಿನಲ್ಲಿ ಡೆಲ್ಮರ್‌ನ ನಿಜವಾದ ಸ್ಮಾರಕ ಅದೊಂದೇ, ಅದಕ್ಕೆ ಯಾರೂ ಚಂದಾ ಎತ್ತಿರಲಿಲ್ಲ.

ಗ್ರೇಬಿಲ್ ಹತ್ತೊಂಬತ್ತು–ಆರರಲ್ಲಿ ಸೋತಿತು. ಪತ್ರಿಕೆ ಅದನ್ನು ನೈತಿಕ ವಿಜಯ ಎಂದು ಕರೆಯಿತು. ಮನೆಗೆ ನಡೆದು ಹೋಗುವಾಗ ಆರ್ವಿಲ್ ಹೆಂಡತಿಗೆ ಡೋಲಿನ ಕತೆ ಹೇಳಿದ. ಆಲ್ಮಾ ಬೀದಿಯ ನಡುವೆ ನಿಂತುಬಿಟ್ಟಳು.

"ಕಂಬಳಿ ಹೊದ್ಕೊಂಡೇ ಓಡಿದ್ನಾ?"

"ಹೊದ್ಕೊಂಡೇ."

"ಅದೇ ನಮ್ಮ ಹುಡುಗ," ಎಂದಳು ಆಲ್ಮಾ. ಸೇವಂತಿಗೆಯನ್ನು ಎದೆಯಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡು, ಉಳಿದ ದಾರಿಯನ್ನು ಅಳುತ್ತ ನಡೆದಳು. ಆರ್ವಿಲ್ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಮುಂದಿನ ಶನಿವಾರ ಅಂಗಡಿ ಎಂದಿನಂತೆ ತುಂಬಿತ್ತು. ಎರಡು ವಾರದ ಗಡ್ಡಗಳೆಲ್ಲ ಗೋಡೆಗುಂಟ ಸಾಲಾಗಿ ಕೂತಿದ್ದವು. ಗ್ರೇಬಿಲ್ ಆ ದಿನವೂ ಸೋತು ತನ್ನ ವರ್ಷವನ್ನು ಮುಗಿಸಿತ್ತು. ಕುರ್ಚಿಯಲ್ಲಿ ಹೋಮರ್ ಟಿಬೆಟ್ಸ್, ಕತ್ತಿನ ತನಕ ನೊರೆ.

"ಎಂಥ ಮಾತು ಆಡಿದೆ ಮಾರಾಯ ಆವತ್ತು," ಎಂದ ಹೋಮರ್. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಅಷ್ಟು ದೊಡ್ಡ ಓಟಾನ ಬೇರೆಯವನಿಗೆ ಬಿಟ್ಟುಕೊಡ್ತಿದ್ನಾ? ತೊಂಬತ್ತು ಗಜ!"

ಆರ್ವಿಲ್ ಕತ್ತಿಯನ್ನು ತೊಗಲುಪಟ್ಟಿಗೆ ಒಮ್ಮೆ ಉಜ್ಜಿದ. ಆಮೇಲೆ ಅದನ್ನು ಮಡಚಿ ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟ. ಕೈ ಒರೆಸಿಕೊಂಡು ಅಂಗಡಿಯ ಜನರ ಕಡೆ ತಿರುಗಿದ.

"ನಮ್ಮ ಡೆಲ್ಮರ್ ತುಟಿ ಒಡೆದುಕೊಂಡ ಕತೆ ಹೇಳ್ತೀನಿ, ಕೇಳಿ," ಎಂದ.

"ಈಗಲಾ?" ಎಂದ ಹೋಮರ್. "ಆರ್ವಿಲ್, ಸೋಪು ಒಣಗುತ್ತೆ."

"ಒಣಗಲಿ," ಎಂದು ಆರ್ವಿಲ್ ಶುರು ಮಾಡಿದ.